ಡನ್ ಲಿಯರಿಯಲ್ಲಿ ಜಾಹೀರಾತು ನಿಷಿದ್ಧ

ವಿಮಾನ ನಿಲ್ದಾಣದ ಬಸ್ಸು

ಐರ್ಲೆಂಡಿಗೆ ಹೋಗಿ ಬಂದವರೆಲ್ಲ ಅಲ್ಲಿನ ಹಸಿರಿನ ಬಗ್ಗೆ ಬರೆಯುತ್ತಾರೆ. ಹಸಿರು ಇರುವುದು ನಿಜ, ಕಣ್ಣು ಸಾಕು ಅನ್ನುವಷ್ಟಿದೆ. ಆದರೆ ಅದನ್ನು ನೆಮ್ಮದಿಯಾಗಿ ನೋಡುವ ಪುಣ್ಯ ನನಗೆ ಬರಲಿಲ್ಲ. ಅಲ್ಲಿದ್ದ ವಾರದ ಬಹುಪಾಲನ್ನು ನಾನು ಗೆಳತಿಯ ಅಡುಗೆಮನೆಯಲ್ಲಿ ಕೂತು ಜಾಹೀರಾತು ಬರೆಯುತ್ತ ಕಳೆದೆ. ಬರೆದದ್ದನ್ನೆಲ್ಲ ಪಕ್ಕದ ಮನೆಯ ಹಿರಿಯರೊಬ್ಬರು ಓದಿ, ಮರ್ಯಾದೆಯಿಂದ ವಾಪಸು ಕೊಡುತ್ತಿದ್ದರು.

ಜಾಹೀರಾತು ನನಗೆ ಹೊಸದಲ್ಲ. ನಿವೃತ್ತಳಾಗುವವರೆಗೂ ಬೆಂಗಳೂರಿನ ಒಂದು ಜಾಹೀರಾತು ಕಂಪನಿಯಲ್ಲಿ ಕನ್ನಡದ ಸಾಲು ಬರೆಯುವುದೇ ನನ್ನ ಕೆಲಸವಾಗಿತ್ತು. ಬಟ್ಟೆ ಸೋಪು, ಊದಿನಕಡ್ಡಿ, ಕುಕ್ಕರು, ತಲೆನೋವಿನ ಮುಲಾಮು, ಯಾವುದನ್ನು ಕೊಟ್ಟರೂ ಸಂಜೆಯೊಳಗೆ ಅದನ್ನು ಕೊಳ್ಳದ ಮನೆ ಮನೆಯೇ ಅಲ್ಲ ಅನ್ನಿಸಿಬಿಡುತ್ತಿದ್ದೆ. ಮಾತಿನಲ್ಲಿ ಸೋತವಳಲ್ಲ ಎಂಬ ಹೆಮ್ಮೆ ನನಗಿತ್ತು. ಡಬ್ಲಿನ್ನಿನ ಬಸ್ ಡ್ರೈವರು ಅದನ್ನು ಮೊದಲ ನಿಮಿಷದಲ್ಲೇ ಇಳಿಸಿದರು.

ನಾನು ಹೋಗಬೇಕಾಗಿದ್ದ ಊರಿನ ಹೆಸರು ಫಲಕದ ಮೇಲಿತ್ತು. ಬರೆದದ್ದನ್ನು ಬರೆದಂತೆ ಓದುವ ಭಾಷೆಯಲ್ಲಿ ಬೆಳೆದವಳು ನಾನು. ಒಂದಕ್ಷರವನ್ನೂ ಬಿಡದೆ, "ಡುನ್ ಲಾವೊಘೈರೆಗೆ ಒಂದು ಟಿಕೆಟ್" ಎಂದೆ. ಡ್ರೈವರು ಬಹಳ ಸಹನೆಯಿಂದ ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. ಅಂಥ ಊರು ಈ ದೇಶದಲ್ಲಿ ಇದ್ದರೆ ತಮಗೂ ನೋಡುವ ಆಸೆ ಇದೆ ಎಂದರು. ನನ್ನ ಹಿಂದೆ ಮಗಳ ಕೈ ಹಿಡಿದು ನಿಂತಿದ್ದ ಹೆಂಗಸು ನನ್ನ ಕೈಚೀಲದ ಮೇಲಿನ ಕನ್ನಡ ಅಕ್ಷರ ನೋಡಿ ಮುಂದೆ ಬಂದಳು.

"ಆಂಟಿ, ಅದು ಡನ್ ಲಿಯರಿ. ಇಲ್ಲಿ ಬರ್ದಿರೋದನ್ನೆಲ್ಲ ಓದ್ಬಾರ್ದು. ಅರ್ಧ ಬಿಟ್ಬಿಡ್ಬೇಕು."

ಹೆಸರು ರಶ್ಮಿ. ಮೈಸೂರಿನವಳು, ವಿಮಾನ ನಿಲ್ದಾಣದ ಹತ್ತಿರವೇ ಸ್ಯಾಂಟ್ರಿಯಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ. ಪೇಟೆಯವರೆಗೆ ನಮ್ಮದು ಒಂದೇ ದಾರಿ. ಪಕ್ಕ ಕೂತ ಅವಳ ಪುಟ್ಟ ಮಗಳಿಗೆ ನಾನು ಡಬ್ಬಿ ತೆಗೆದು ಕೋಡುಬಳೆ ಕೊಡಹೋದೆ. ಮಗು ಡಬ್ಬಿಯೊಳಗೆ ಇಣುಕಿ, "ಐಯಾಮ್ ಗ್ರ್ಯಾಂಡ್" ಎಂದಿತು. ಇಷ್ಟು ಚಿಕ್ಕ ಮಗುವಿಗೆ ಇಷ್ಟೊಂದು ಜಂಬವೇ ಎಂದು ನಾನು ಬೆರಗಾದೆ.

"ಜಂಬ ಅಲ್ಲ ಆಂಟಿ, ಬೇಡ ಅಂತ ಹೇಳ್ತಿದಾಳೆ" ಎಂದು ರಶ್ಮಿ ನಕ್ಕಳು. "ಇಲ್ಲಿ ಗ್ರ್ಯಾಂಡ್ ಅಂದ್ರೆ ಪರವಾಗಿಲ್ಲ ಅಂತ ಅಷ್ಟೇ. ಜ್ವರ ಬಂದಿದ್ರೂ ಗ್ರ್ಯಾಂಡ್, ಕಾಫಿ ಚೆನ್ನಾಗಿಲ್ದಿದ್ರೂ ಗ್ರ್ಯಾಂಡ್. ನಾನೂ ಈಗ ಮನೇಲಿ ಹಂಗೇ ಅಂತೀನಿ. ಸಾರು ಹೆಂಗೈತೆ ಅಂತ ಕೇಳಿದ್ರೆ ಗ್ರ್ಯಾಂಡು ಅನ್ನೋದು. ನಮ್ಮತ್ತೆಗೆ ಖುಷಿಯೋ ಖುಷಿ."

ಎಷ್ಟು ಅಂಗಡಿಗಳಿಗೆ ನಾನು ‘ಗ್ರ್ಯಾಂಡ್ ಓಪನಿಂಗ್’ ಎಂದು ಬರೆದಿದ್ದೆನೋ ಲೆಕ್ಕವಿಲ್ಲ. ಅವೆಲ್ಲ ಈ ದೇಶದಲ್ಲಿ ‘ಪರವಾಗಿಲ್ಲ ಅನ್ನಬಹುದಾದ ಆರಂಭ’ಗಳು. ಬಸ್ಸು ಇಳಿಯುವ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ನಾನೂ ಹೇಳಿದೆ. "ಲಾವೊಘೈರೆಯಲ್ಲಿ ಚೆನ್ನಾಗಿ ಕಾಲ ಕಳೆಯಿರಿ" ಎಂದರು ಅವರು.

ಲವೀನಾಳ ಅಡುಗೆಮನೆ

ಲವೀನಾ ಮತ್ತು ನಾನು ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅವಳು ಮೂಡಬಿದ್ರೆ ಕಡೆಯವಳು. ನರ್ಸಿಂಗ್ ಓದಿ ಗಲ್ಫಿಗೆ ಹೋಗಿ, ಅಲ್ಲಿಂದ ಐರ್ಲೆಂಡಿಗೆ ಬಂದು, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ದುಡಿದು ಹೋದ ವರ್ಷ ನಿವೃತ್ತಳಾಗಿದ್ದಳು. ಮದುವೆಯಾಗಲು ಅವಳಿಗೆ ಪುರುಸೊತ್ತೇ ಆಗಿರಲಿಲ್ಲ. ಬಂದರಿನಿಂದ ಸ್ವಲ್ಪ ಮೇಲೆ, ಒಂದಕ್ಕೊಂದು ಒರಗಿ ನಿಂತ ಮನೆಗಳ ಸಾಲಿನಲ್ಲಿ ಅವಳದೊಂದು ಪುಟ್ಟ ಮನೆ.

ನಾನು ತಲುಪಿದ್ದು ಮಂಗಳವಾರ. ಮಧ್ಯಾಹ್ನ ನೀರುದೋಸೆ ಹಾಕಿದಳು. ಆಹಾ ಎನ್ನುತ್ತ ತಿಂದೆ. ಸಂಜೆಗೂ ನೀರುದೋಸೆ. ರಾತ್ರಿಯೂ. ಬುಧವಾರ ಬೆಳಿಗ್ಗೆ ಕಾವಲಿಯ ಮೇಲೆ ಹಿಟ್ಟು ಬಿದ್ದ ಸದ್ದು ಕೇಳಿ ನಾನು ಕೇಳಿಯೇಬಿಟ್ಟೆ.

"ಲವೀ, ನಿಮ್ಮೂರಲ್ಲಿ ಅನ್ನ ಮಾಡೋದು ಬಿಟ್ಟಿದ್ದಾರೇನೇ?"

"ಸುಮಿ, ಎಂಥ ಮಾಡುದು ಮಾರಾಯ್ತಿ, ಹಿಟ್ಟು ಉಳಿದದ್ದು" ಎಂದು ಅವಳು ಒಲೆ ಆರಿಸಿ ಎದುರು ಬಂದು ಕೂತಳು.

ಊರಿನ ಪಾರ್ಕಿನಲ್ಲಿ ಭಾನುವಾರ ಸಂತೆ ಸೇರುತ್ತದೆ. ಲವೀನಾ ಅಲ್ಲಿ ನೀರುದೋಸೆಯ ಅಂಗಡಿ ಹಾಕಿದ್ದಳು. ಸಂತೆ ನೋಡಿಕೊಳ್ಳುವಾಕೆ ಮೂರು ಭಾನುವಾರ ಜಾಗ ಕೊಡುತ್ತೇನೆ, ವ್ಯಾಪಾರ ಕುದುರಿದರೆ ಮುಂದುವರಿಯಬಹುದು, ಇಲ್ಲದಿದ್ದರೆ ಕಾಯುತ್ತಿರುವ ಬೇರೆಯವರಿಗೆ ಬಿಡಬೇಕು ಎಂದಿದ್ದಳು. ಮೊದಲ ಭಾನುವಾರ ಮಳೆ. ಎರಡನೆಯದಕ್ಕೆ ಬಿಸಿಲಿತ್ತು, ಜನರಿದ್ದರು, ಆದರೆ ಅವಳ ಅಂಗಡಿಯ ಎದುರು ನಿಂತವರು ಹಲಗೆ ಓದಿ ಮುಂದೆ ಹೋದರು. ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ‘ನೀರ್ ದೋಸಾ’ ಎಂದು ಬರೆದಿದ್ದಳು. ‘ನಿಯರ್’ ಎಂದು ಓದಿಕೊಂಡ ಒಬ್ಬರು, ಇದು ದೋಸೆಯ ಹತ್ತಿರಕ್ಕೆ ಬಂದಿದೆಯೋ, ಪೂರ್ತಿ ದೋಸೆಯಾಗುವುದು ಯಾವಾಗ ಎಂದು ಕೇಳಿದರಂತೆ. ಇನ್ನು ಉಳಿದಿದ್ದು ಈ ಬರುವ ಭಾನುವಾರ ಒಂದೇ.

"ಸ್ಯಾಂಟ್ರಿ ಕಡೆ ಕನ್ನಡದವರ ವಾಟ್ಸಾಪ್ ಗುಂಪು ಉಂಟು, ಅಲ್ಲಿ ಹಾಕಿದೆ. ಎಲ್ಲರೂ ಕೈ ಮುಗಿದ್ರು, ಹೂ ಕಳಿಸಿದ್ರು. ಭಾನುವಾರ ಬೆಳಿಗ್ಗೆ ಅಷ್ಟು ದೂರದಿಂದ ದೋಸೆ ತಿನ್ಲಿಕ್ಕೆ ಯಾರು ಬರ್ತಾರೆ ಹೇಳು? ಅವರವರ ಮನೆಯಲ್ಲಿ ದೋಸೆ ಉಂಟು."

"ಪೆನ್ಷನ್ ಬರುತ್ತಲ್ಲ, ಈ ವಯಸ್ಸಲ್ಲಿ ನಿನಗ್ಯಾಕೆ ಕಾವಲಿ ಮುಂದೆ ನಿಲ್ಲೋ ಕಷ್ಟ?" ಎಂದೆ.

ಲವೀನಾ ಮೇಜಿನ ಮೇಲಿದ್ದ ಅಕ್ಕಿಹಿಟ್ಟಿನ ಕಲೆಯನ್ನು ಉಗುರಿನಿಂದ ಕೆರೆದಳು.

"ಈ ಊರಲ್ಲಿ ನನ್ನನ್ನು ನೋಡಿದವರು ತುಂಬ ಜನ ಇದ್ದಾರೆ ಸುಮಿ. ಎಲ್ಲರೂ ನೋವಲ್ಲಿ ನೋಡಿದ್ದು. ಸೂಜಿ ಚುಚ್ಚುವಾಗ, ಅಪ್ಪ ಹೋದಾಗ, ಮಗು ಹೋದಾಗ. ಈಗ ರಸ್ತೆಯಲ್ಲಿ ಸಿಕ್ಕಿದ್ರೆ ಪಾಪ ಮಾತಾಡಿಸ್ತಾರೆ, ಆದ್ರೆ ಮುಖ ಒಂಥರಾ ಆಗ್ತದೆ ಅವರದ್ದು. ಹಸಿದು ಬಂದು, ತಿಂದು, ನಗ್ತಾ ಹೋಗುವವರನ್ನು ನೋಡ್ಬೇಕು ಅಂತ ಒಂದು ಆಸೆ. ಅಷ್ಟೇ."

ಅದನ್ನು ಕೇಳಿದ ಮೇಲೆ ನನ್ನೊಳಗಿನ ನಿವೃತ್ತಿ ಮುಗಿಯಿತು. ಕಾಗದ ಕೊಡು ಎಂದೆ.

ಸಮುದ್ರದ ಮೆಟ್ಟಿಲು

ಜಾಹೀರಾತಿನವರು ಮೊದಲು ಹುಡುಕುವುದು ಗಿರಾಕಿಯನ್ನು. ನನಗೆ ಅವರು ಬುಧವಾರ ಸಂಜೆಯೇ ಸಿಕ್ಕರು. ಬಂದರಿನ ಉದ್ದನೆಯ ಕಲ್ಲುಕಟ್ಟೆಯ ಮೇಲೆ ಲವೀನಾ ನನ್ನನ್ನು ನಡೆಸಿದಳು. ಈ ಊರಿನವರಿಗೆ ಅದು ನಮ್ಮ ಲಾಲ್‌ಬಾಗ್ ಇದ್ದಂತೆ, ವ್ಯತ್ಯಾಸವೆಂದರೆ ಗಾಳಿ ನಿಮ್ಮನ್ನು ನಡೆಯಲು ಬಿಡುವುದಿಲ್ಲ. ಅಲ್ಲಿಂದ ತೀರದಗುಂಟ ಮುಂದೆ ಹೋದರೆ ಬಂಡೆಗಳ ನಡುವೆ ನೀರಿಗಿಳಿಯುವ ಮೆಟ್ಟಿಲುಗಳಿವೆ. ಮೇ ತಿಂಗಳು, ಆದರೂ ನಾನು ಸ್ವೆಟರಿನ ಮೇಲೆ ಶಾಲು ಹೊದ್ದಿದ್ದೆ. ಅಲ್ಲಿ ಅಜ್ಜಂದಿರು, ಅಜ್ಜಿಯರು, ಆಫೀಸು ಮುಗಿಸಿ ಬಂದವರು, ಎಲ್ಲರೂ ಬಟ್ಟೆ ಕಳಚಿ ಒಬ್ಬೊಬ್ಬರಾಗಿ ಆ ಮಂಜುಗಡ್ಡೆಯಂಥ ನೀರಿಗೆ ಇಳಿಯುತ್ತಿದ್ದರು. ಇಳಿದವರು ಕೆಂಪಾಗಿ ನಡುಗುತ್ತ ಹತ್ತಿಬಂದು, "ಲವ್ಲೀ" ಎನ್ನುತ್ತಿದ್ದರು. ಆಮೇಲೆ ಕಾಲಿನವರೆಗಿನ ದಪ್ಪ ಕೋಟು ಸುತ್ತಿಕೊಂಡು ತಣ್ಣಗಿನ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

"ಲವೀ, ಇವರು ಭಾನುವಾರವೂ ಈಜ್ತಾರಾ?"

"ಕ್ರಿಸ್ಮಸ್ ದಿವಸ ಕೂಡ ಬಿಡುದಿಲ್ಲ."

"ಇಲ್ಲಿಂದ ಪಾರ್ಕು?"

"ನಡೆದ್ರೆ ಆಯ್ತು."

ಸಮುದ್ರದಲ್ಲಿ ಗಡಗಡ ನಡುಗಿ ಬಂದವರಿಗೆ ಕಾವಲಿಯಿಂದ ಇಳಿದ ಬಿಸಿ ನೀರುದೋಸೆ, ಕೋಳಿ ಗಸಿ, ಇಲ್ಲವೆ ಕಾಯಿಬೆಲ್ಲ. ಇಷ್ಟು ಸುಲಭದ ಕೆಲಸವನ್ನು ನನ್ನ ವೃತ್ತಿಜೀವನದಲ್ಲಿ ಯಾರೂ ಕೊಟ್ಟಿರಲಿಲ್ಲ. ಇವರಿಗೆಲ್ಲ ಒಂದೇ ಸಲ ಸುದ್ದಿ ಮುಟ್ಟಿಸುವ ದಾರಿ ಇದೆಯೇ ಎಂದು ಕೇಳಿದೆ. ಇದೆ ಎಂದಳು ಲವೀನಾ, ಆದರೆ ಮುಖ ಸಪ್ಪೆ ಮಾಡಿಕೊಂಡು. ಈಜುಗಾರರದ್ದೊಂದು ಇಮೇಲ್ ಬಳಗವಿದೆ. ಅಲೆ ಹೇಗಿದೆ, ಜೆಲ್ಲಿಫಿಶ್ ಬಂದಿದೆಯೇ, ಯಾವ ಮೆಟ್ಟಿಲು ಜಾರುತ್ತಿದೆ ಎಂದು ಬೆಳಗಾದರೆ ಎಲ್ಲರೂ ಅದನ್ನು ನೋಡುತ್ತಾರೆ. ಅದನ್ನು ನಡೆಸುವವರು ಪಕ್ಕದ ಮನೆಯ ಡೋನಲ್.

"ಕೇಳಿದ್ದೆ ಒಮ್ಮೆ. ನೋಡುವ ಅಂದ್ರು."

"ಮತ್ತೆ? ನೋಡೋಣ ಅಂದಿದ್ದಾರಲ್ಲ."

"ಐರ್ಲೆಂಡಿನವರು ನೋಡುವ ಅಂದ್ರೆ ಇಲ್ಲ ಅಂತ."

ಇದನ್ನು ಕೇಳಿ ನನಗೆ ಊರಿನ ನೆನಪಾಯಿತು. ನಮ್ಮಲ್ಲೂ ಮುಖದ ಮೇಲೆ ಇಲ್ಲ ಅನ್ನುವವರು ಕಡಿಮೆ.

ಡೋನಲ್ ಅವರ ಮನೆ

ಎಪ್ಪತ್ತು ದಾಟಿದ, ಎತ್ತರದ, ಹುಬ್ಬು ಮಾತ್ರ ಇನ್ನೂ ಕಪ್ಪಾಗಿರುವ ಮನುಷ್ಯ. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಏಳಲಿಲ್ಲ. "ಡೋನಲ್ ಸರ್" ಎಂದೆ. ಇನ್ಯಾರೋ ಬಂದಿದ್ದಾರೆಂದು ಅವರು ಹಿಂತಿರುಗಿ ನೋಡಿದರು. ಚಹಾ ಬೇಕೇ ಎಂದರು. ಬೇಡ ಎಂದೆ. ಮತ್ತೆ ಕೇಳಿದರು, ಮತ್ತೆ ಬೇಡ ಎಂದೆ. ಮೂರನೆಯ ಸಲ ಕೇಳಿದಾಗ ಸ್ವಲ್ಪ ಸಾಕು ಎಂದೆ. ಇಬ್ಬರಿಗೂ ಸಮಾಧಾನವಾಯಿತು. ಈ ಒಂದು ವಿಷಯದಲ್ಲಿ ಐರ್ಲೆಂಡಿಗೂ ಬಸವನಗುಡಿಗೂ ಕೂದಲೆಳೆಯಷ್ಟೂ ಅಂತರವಿಲ್ಲ.

ಬಂದ ವಿಷಯ ಹೇಳಿದೆ. ಅವರು ಕಪ್ಪು ಕೆಳಗಿಟ್ಟು, "ಜಾಹೀರಾತು ಹಾಕುವಂತಿಲ್ಲ" ಎಂದರು. ಹೇಳಿದ ರೀತಿಯಲ್ಲಿ ಕೋಪವಿರಲಿಲ್ಲ. ಮಳೆ ಬರುತ್ತಿದೆ ಎನ್ನುವ ಹಾಗಿತ್ತು.

ಡೋನಲ್ ಡಬ್ಲಿನ್ನಿನ ಒಂದು ಕಾಲೇಜಿನ ಕಂಪ್ಯೂಟರ್ ವಿಭಾಗದಲ್ಲಿದ್ದವರು. ಇಂಟರ್ನೆಟ್ ಎಂಬ ಮಾತು ಮನೆಮನೆಗೆ ಬರುವ ಮೊದಲು, ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳಷ್ಟೇ ಒಂದಕ್ಕೊಂದು ಮಾತಾಡುತ್ತಿದ್ದ ಕಾಲ ಅದು.

"ನಮ್ಮ ಕಾಲೇಜಿನಿಂದ ಹೊರಗೆ ಹೋಗುತ್ತಿದ್ದ ಲೈನು ಬಹಳ ಸಪೂರದ್ದು" ಎಂದರು. "ಒಬ್ಬರು ಚಿತ್ರ ಕಳಿಸಿದರೆ ಉಳಿದವರೆಲ್ಲ ಕೈ ಕಟ್ಟಿ ಕೂರಬೇಕು. ಅಮೆರಿಕದ ದೊಡ್ಡ ಜಾಲಕ್ಕೆ ಸರ್ಕಾರದ ಹಣ. ಪಾಠಕ್ಕೆ, ಸಂಶೋಧನೆಗೆ ಮಾತ್ರ ಬಳಸಬೇಕು, ವ್ಯಾಪಾರಕ್ಕೆ ಕೂಡದು ಎಂದು ಅವರು ನಿಯಮವನ್ನೇ ಬರೆದಿಟ್ಟಿದ್ದರು. ಅದರ ಮೂಲಕ ಹಾದುಹೋಗುವವರೆಲ್ಲ ಆ ಮಾತಿಗೆ ಕಟ್ಟುಬೀಳಬೇಕಿತ್ತು. ನಮ್ಮಲ್ಲಿ ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು."

"ಅಂದರೆ ನೀವು ಜಾಹೀರಾತಿನ ಪೊಲೀಸರು."

"ಕಾವಲುಗಾರ ಅನ್ನಿ. ಒಮ್ಮೆ ನಮ್ಮ ಉಪನ್ಯಾಸಕರೊಬ್ಬರು ತಮ್ಮ ಹಳೇ ಕಾರು ಮಾರಾಟಕ್ಕಿದೆ ಎಂದು ಹಾಕಿದರು. ಕಾಲೇಜಿನೊಳಗೆ ಮಾತ್ರ ಹೋಗುತ್ತದೆ ಅಂದುಕೊಂಡಿದ್ದರು. ಅದು ಪ್ರಪಂಚಕ್ಕೆಲ್ಲ ಹೋಯಿತು. ಕಾರನ್ನು ತಮ್ಮ ಊರಿಗೆ ತಂದುಕೊಡುತ್ತೀರಾ ಎಂದು ಫಿನ್ಲೆಂಡಿನಿಂದ ಒಬ್ಬರು ಕೇಳಿದರು. ಉಳಿದವರೆಲ್ಲ ಬೈದರು. ಒಂದು ವಾರ ಬೈಗುಳದ ರಾಶಿಯಲ್ಲೇ ಲೈನು ತುಂಬಿಹೋಯಿತು. ಕಾರು ಹಾಕಿದ್ದಕ್ಕಿಂತ ಕಾರು ಹಾಕಬಾರದು ಅಂದದ್ದೇ ಹೆಚ್ಚು."

ಆಮೇಲೆ ಅಮೆರಿಕದ ವಕೀಲ ದಂಪತಿ ಅಲ್ಲಿದ್ದ ಸಾವಿರಾರು ಚರ್ಚಾಗುಂಪುಗಳಿಗೆ ಒಂದೇ ಜಾಹೀರಾತನ್ನು ಸುರಿದದ್ದು, ಓದುಗರು ರೊಚ್ಚಿಗೆದ್ದು ಕಳಿಸಿದ ದೂರುಗಳ ಭಾರಕ್ಕೆ ಅವರಿಗೆ ಸಂಪರ್ಕ ಕೊಟ್ಟಿದ್ದ ಕಂಪನಿಯ ಕಂಪ್ಯೂಟರು ಪದೇ ಪದೇ ಕೂತುಹೋದದ್ದು, ಎಲ್ಲ ಹೇಳಿದರು. ನಿಯಮ ಸಡಿಲವಾಗಿ ಕಂಪನಿಗಳು ಒಳಗೆ ಬಂದದ್ದನ್ನೂ ಹೇಳಿದರು.

"ಈಗ ನಾನು ಹವಾಮಾನ ನೋಡಲು ಫೋನು ತೆರೆದರೆ ಒಂದು ಜೊತೆ ಶೂ ನನ್ನನ್ನು ಅಟ್ಟಿಸಿಕೊಂಡು ಬರುತ್ತದೆ" ಎಂದರು. "ನನ್ನ ಕಾವಲಿನಲ್ಲಿ ಉಳಿದಿರುವುದು ಈ ಈಜುಗಾರರ ಬಳಗ ಒಂದೇ."

ಒಂದು ಪುಟ್ಟ ದೋಸೆಯಿಂದ ಏನಾದೀತು ಎಂದೆ. ಅದಕ್ಕೆ ಡೋನಲ್ ಹಳೆಯದೊಂದು ಕಥೆ ಹೇಳಿದರು. ಕೆಲವು ವರ್ಷಗಳ ಹಿಂದೆ ಅವರೂ ಹಾಗೇ ಅಂದುಕೊಂಡು, ಒಳ್ಳೆಯವನೊಬ್ಬನಿಗೆ ಈಜುಡುಗೆಯ ಜಾಹೀರಾತು ಹಾಕಲು ಬಿಟ್ಟಿದ್ದರು. ಆಮೇಲೆ ಟವೆಲ್ಲಿನವರು ಬಂದರು, ಕಾಫಿಯವರು, ಬೆನ್ನು ತಿಕ್ಕುವವರು, ಧ್ಯಾನ ಕಲಿಸುವವರು. ಒಂದು ಬೆಳಿಗ್ಗೆ ಜೆಲ್ಲಿಫಿಶ್ ಹಿಂಡು ಬಂದಿದೆ, ಇಳಿಯಬೇಡಿ ಎಂದು ಒಬ್ಬರು ಬರೆದ ಮಾತು ಆ ಗದ್ದಲದಲ್ಲಿ ಮುಳುಗಿತು. ನೋಡದೆ ಇಳಿದ ಟೀಚರೊಬ್ಬರು ಕೈಕಾಲು, ಮುಖವೆಲ್ಲ ಸುಟ್ಟಂತಾಗಿ ಆಸ್ಪತ್ರೆ ಸೇರಿದರು.

"ಅವತ್ತೇ ನಿಯಮ ವಾಪಸು ಬಂತು" ಎಂದರು.

ಆದರೂ ಎದ್ದು ಬರುವಾಗ, ಜಾಹೀರಾತಿನ ಹಾಗಿಲ್ಲದಂತೆ ಬರೆದು ತಂದರೆ ನೋಡುತ್ತೀರಾ ಎಂದು ಕೇಳಿದೆ. ಅವರ ಕಪ್ಪು ಹುಬ್ಬು ಮೇಲೇರಿತು. "ನೋಡೋಣ" ಎಂದರು.

ಮೂರು ಪ್ರಯತ್ನಗಳು

ಮೊದಲನೆಯದನ್ನು ನಾನು ಹಳೇ ಅಭ್ಯಾಸದಲ್ಲಿ ಬರೆದೆ. ‘ನಡುಗುತ್ತಿದ್ದೀರಾ? ಬನ್ನಿ, ಕಾವಲಿ ಕಾದಿದೆ. ಗ್ರ್ಯಾಂಡ್ ಓಪನಿಂಗ್.’ ಡೋನಲ್ ಓದಿ, "ಇದು ಜಾಹೀರಾತು. ಸಾಲದ್ದಕ್ಕೆ, ಸುಮಾರಾಗಿದೆ ಎಂದು ನೀವೇ ಒಪ್ಪಿಕೊಂಡಿದ್ದೀರಿ" ಎಂದರು. ಬಸ್ಸಿನಲ್ಲಿ ಕಲಿತ ಪಾಠ ಪೆನ್ನು ಹಿಡಿದೊಡನೆ ಮರೆತಿದ್ದೆ.

ಎರಡನೆಯದು ಆರೋಗ್ಯದ ಮಾತು. ತಣ್ಣೀರಿನಿಂದ ಎದ್ದ ದೇಹಕ್ಕೆ ಅಕ್ಕಿಯ ಬಿಸಿ ಪದಾರ್ಥ ಹಿತ ಎಂದು ಕರ್ನಾಟಕದ ಕರಾವಳಿಯ ಹಿರಿಯರು ನಂಬುತ್ತಾರೆ, ಅಂಥದ್ದು ಪಾರ್ಕಿನಲ್ಲೂ ಸಿಗುತ್ತದಂತೆ ಎಂದು ಬರೆದೆ. ಲವೀನಾ ಓದಿ, "ಯಾವ ಹಿರಿಯರು? ನಮ್ಮಲ್ಲಿ ಯಾರು ತಣ್ಣೀರಿಗೆ ಇಳಿತಾರೆ?" ಎಂದಳು. ಡೋನಲ್, "ಇದು ಡಾಕ್ಟರ ಕೋಟು ಹಾಕಿಕೊಂಡ ಜಾಹೀರಾತು" ಎಂದರು.

ಮೂರನೆಯದರ ಬಗ್ಗೆ ನನಗೆ ಈಗಲೂ ಅಭಿಮಾನವಿದೆ. ‘ಸಿಕ್ಕಿದೆ: ಪಾರ್ಕಿನಲ್ಲಿ, ತೆಳ್ಳಗಿನ ಬಿಸಿ ಅಕ್ಕಿದೋಸೆಯ ಅಂಗಡಿಯ ಬಲಬದಿಗೆ, ಒಂದು ಕೆಂಪು ಕೈಗವಸು. ಕಳೆದುಕೊಂಡವರು ಭಾನುವಾರ ಬೆಳಿಗ್ಗೆ ಅದೇ ಅಂಗಡಿಯಲ್ಲಿ ವಿಚಾರಿಸಬಹುದು.’

ಡೋನಲ್ ಬಹಳ ಹೊತ್ತು ಓದಿದರು. ಗೆದ್ದೆ ಅಂದುಕೊಂಡೆ.

"ಕೈಗವಸು ಯಾರದ್ದು?"

"ನನ್ನದೇ" ಎಂದೆ.

ಅವರು ನಗಲಿಲ್ಲ, ಆದರೆ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. "ಒಂದು ಮಾತು. ಸಮುದ್ರಕ್ಕೆ ಕಾಲೂ ಇಡದೆ ನೀವು ಈಜುಗಾರರಿಗೆ ಬರೆಯುತ್ತಿದ್ದೀರಿ. ನಾಳೆ ಬೆಳಿಗ್ಗೆ ಬನ್ನಿ. ಕಾಲು ಅದ್ದಿದರೆ ಸಾಕು."

ಶನಿವಾರ

ಲವೀನಾ ಬೇಡ ಎಂದಳು. "ನಿನಗೆ ಮೂಗು ಕಟ್ಟಿದ್ರೆ ಮೂರು ಊರಿಗೆ ಕೇಳ್ತದೆ. ಸುಮ್ನೆ ಕೂತ್ಕೊ." ಆದರೆ ನನಗೆ ಹಟ. ಚೂಡಿದಾರದ ಕಾಲು ಮಡಿಸಿ, ಚಪ್ಪಲಿ ಬಿಡದೆ, ಕಬ್ಬಿಣದ ಕಂಬಿ ಹಿಡಿದು ಇಳಿದೆ. ಮೊದಲ ಮೆಟ್ಟಿಲು ಒಣಗಿತ್ತು. ಎರಡನೆಯದರಲ್ಲಿ ನೀರು ಪಾದಕ್ಕೆ ತಾಗಿ ಹಲ್ಲು ಕಟಕಟ ಎಂದಿತು. ಮೇಲೆ ನಿಂತಿದ್ದ ಡೋನಲ್, "ಮೂರನೆಯದರಲ್ಲಿ ಪಾಚಿ ಇದೆ" ಎಂದು ಹೇಳುವಷ್ಟರಲ್ಲಿ ಆ ಸಂಗತಿ ನನಗೆ ಗೊತ್ತಾಗಿಹೋಗಿತ್ತು.

ಮುಳುಗುವ ಆಳವೇನಲ್ಲ. ನಿಂತರೆ ಎದೆಮಟ್ಟ. ಆದರೆ ಆ ತಂಪು ನೀರಿನ ತಂಪಲ್ಲ. ಯಾರೋ ಉಸಿರನ್ನು ಕೈಯಿಂದ ಕಿತ್ತುಕೊಂಡಂತೆ. ಮರುಕ್ಷಣ ನಾಲ್ಕಾರು ಕೈಗಳು ನನ್ನನ್ನು ಎತ್ತಿ ಮೇಲೆ ಕೂರಿಸಿದವು. ಒಬ್ಬಾಕೆ ತನ್ನ ದಪ್ಪ ಕೋಟು ಸುತ್ತಿದಳು, ಒಬ್ಬರು ಫ್ಲಾಸ್ಕಿನ ಚಹಾ ಬಾಯಿಗಿಟ್ಟರು, ಇನ್ನೊಬ್ಬರು ಪಾದ ತಿಕ್ಕಿದರು. ಎಲ್ಲರೂ ಸುತ್ತ ನಿಂತು, ಯಾರು ನೀವು, ಎಲ್ಲಿಂದ ಬಂದಿರಿ, ಇಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದರು.

ಯೋಚಿಸಿ ನೋಡಿ. ನನಗೆ ಬೇಕಾದ ಅಷ್ಟೂ ಗಿರಾಕಿಗಳು ಸುತ್ತುವರಿದು ನಿಂತು, ನೀನೇನು ಮಾಡುತ್ತಿದ್ದೀಯ ಎಂದು ತಾವಾಗಿ ಕೇಳುತ್ತಿದ್ದಾರೆ. ಊರಿಗೆಲ್ಲ ಸೋಪು ಮಾರಿದ ನನ್ನ ಬಾಯಿಯಿಂದ "ದ... ದ... ದ..." ಎಂಬುದರ ಹೊರತು ಇನ್ನೇನೂ ಬರಲಿಲ್ಲ. ಕೋಟಿನಾಕೆ ಅದನ್ನು ಥ್ಯಾಂಕ್ಸ್ ಎಂದು ತಿಳಿದು ನನ್ನ ಬೆನ್ನು ತಟ್ಟಿದಳು.

ಡೋನಲ್ ತೋಳು ಕೊಟ್ಟು ಮನೆಯವರೆಗೆ ನಡೆಸಿಕೊಂಡು ಬಂದರು. ಲವೀನಾ ಬಾಗಿಲಲ್ಲೇ ನನ್ನ ನಾಡಿ ಹಿಡಿದು ನೋಡಿದಳು. ಬದುಕುತ್ತಾಳೆ ಎಂದು ಖಚಿತವಾದ ಮೇಲೆ ಬೈಯಲು ಶುರು ಮಾಡಿದಳು.

ಮಧ್ಯಾಹ್ನ ನಾನು ಕಂಬಳಿಯೊಳಗೆ ಕಷಾಯ ಕುಡಿಯುತ್ತಿದ್ದಾಗ ಡೋನಲ್ ಮತ್ತೆ ಬಂದರು, ಕೈಯಲ್ಲಿ ಫೋನು. ಬೆಳಗಿನಿಂದ ಬಳಗದಲ್ಲಿ ಒಂದೇ ವಿಷಯ. ಬಿದ್ದ ಭಾರತೀಯ ಮಹಿಳೆ ಹೇಗಿದ್ದಾರೆ? ಕಾಲು ಮುರಿದಿದೆಯಂತೆ, ನಿಜವೇ? ಅವರ ಒಂದು ಚಪ್ಪಲಿ ತೇಲಿಬಂದಿದೆ, ಎಲ್ಲಿ ಕೊಡಲಿ?

"ಉತ್ತರ ಕೊಡದೆ ಇದು ನಿಲ್ಲುವುದಿಲ್ಲ" ಎಂದು ಅವರು ತಾವು ಬರೆದದ್ದನ್ನು ಓದಿದರು. "ಅವರು ಗ್ರ್ಯಾಂಡ್ ಆಗಿದ್ದಾರೆ. ಕಾಲು ಮುರಿದಿಲ್ಲ. ನಾಳೆ ಬೆಳಿಗ್ಗೆ ಪಾರ್ಕಿನ ಸಂತೆಯಲ್ಲಿ ಗೆಳತಿ ಲವೀನಾ ಅವರ ಅಂಗಡಿಯಲ್ಲಿ ಇರುತ್ತಾರೆ. ಚಪ್ಪಲಿ ಅಲ್ಲಿ ಕೊಡಬಹುದು."

"ದೋಸೆ ಅಂತ ಒಂದೇ ಒಂದು ಮಾತು ಸೇರಿಸಿ" ಎಂದೆ.

"ಇಲ್ಲ. ಅದನ್ನು ಯಾರೂ ಕೇಳಿಲ್ಲ. ಹಳೇ ಜಾಲದಲ್ಲಿ ಒಂದು ಪದ್ಧತಿ ಇತ್ತು. ಮಾರುವವರು ತಾವಾಗಿ ಕೂಗುವ ಹಾಗಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ, ಬಳಸಿ ನೋಡಿದವರು ಉತ್ತರ ಕೊಡಬಹುದು." ಅವರು ಕಳಿಸುವ ಗುಂಡಿ ಒತ್ತಿದರು.

ಲವೀನಾ ಅವರನ್ನು ಚಹಾಕ್ಕೆ ಕೂರಿಸಿದಳು. ಬೇಡ, ಬೇಡ, ಸ್ವಲ್ಪ ಸಾಕು ಎಂಬಲ್ಲಿಗೆ ಬರುವಷ್ಟರಲ್ಲಿ ಫೋನು ಗುಂಯ್ ಎಂದಿತು. ಡೋನಲ್ ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು.

"ಆ ಅಂಗಡಿಯಲ್ಲಿ ಏನು ಸಿಗುತ್ತದೆ ಎಂದು ಒಬ್ಬರು ಕೇಳಿದ್ದಾರೆ."

ನಾನು ಕಂಬಳಿ ಸರಿಸಿ ಎದ್ದು ಕೂತೆ. ಅವರು ನನ್ನ ಕಡೆ ನೋಡದೆ ಲವೀನಾಳ ಕಡೆ ತಿರುಗಿದರು.

"ನಾನು ತಿಂದು ನೋಡಿಲ್ಲ. ತಿನ್ನದೆ ಉತ್ತರ ಕೊಡುವ ಹಾಗಿಲ್ಲ."

ಲವೀನಾ ಕಾವಲಿ ಕಾಯಿಸಿದಳು. ಹಿಟ್ಟು ಚೆಲ್ಲಿದ ಸದ್ದಿಗೆ ಡೋನಲ್ ಬೆಚ್ಚಿದರು. ಮಡಿಸಿದ ದೋಸೆಯನ್ನು ಬೆಳಕಿಗೆ ಹಿಡಿದು, ಅದರ ತೂತುಗಳ ಮೂಲಕ ಕಿಟಕಿ ನೋಡಿದರು. ಆಮೇಲೆ ತಿಂದರು. ಇನ್ನೊಂದು ತಿಂದರು. ಗಸಿಯಲ್ಲಿ ಅದ್ದಿ ಮೂರನೆಯದನ್ನು ತಿನ್ನುವಾಗ ಕಣ್ಣಲ್ಲಿ ನೀರು ಬಂತು, ಅದು ಖಾರಕ್ಕೆ. ಕೈ ತೊಳೆದು ಬಂದು ಒಂದು ಬೆರಳಿನಿಂದ ನಿಧಾನವಾಗಿ ಬರೆದರು: ‘ಅಕ್ಕಿಯಿಂದ ಮಾಡಿದ ತೆಳ್ಳಗಿನ, ಬಿಸಿಯಾದ ದೋಸೆ. ನಾನು ತಿಂದಿದ್ದೇನೆ. ಪಕ್ಕದ ಮನೆಯವನು ಎಂಬುದನ್ನು ಬಿಟ್ಟರೆ ನನಗೂ ಈ ಅಂಗಡಿಗೂ ಸಂಬಂಧವಿಲ್ಲ.’

ವಿಶೇಷಣವೊಂದನ್ನು ಸೇರಿಸಲು ನನ್ನ ಕೈ ತುರಿಸಿತು. ಕೇಳುವ ಧೈರ್ಯ ಬರಲಿಲ್ಲ.

ಪಾರ್ಕು

ಭಾನುವಾರ ಮೋಡವಿತ್ತು, ಮಳೆಯಿರಲಿಲ್ಲ. ಅಂಗಡಿ ತೆರೆದು ಬಹಳ ಹೊತ್ತು ಯಾರೂ ಬರಲಿಲ್ಲ. ಎದುರಿನ ಬ್ರೆಡ್ಡಿನವರಿಗೆ ಸಾಲು ಹತ್ತಿತ್ತು. ಲವೀನಾ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು. ಸಂತೆ ನೋಡಿಕೊಳ್ಳುವಾಕೆ ಎರಡು ಸಲ ಹಾದುಹೋದಳು, ಎರಡು ಸಲವೂ ಆಕಾಶ ನೋಡಿದಳು.

ಮೊದಲು ಬಂದದ್ದು ನನ್ನ ಚಪ್ಪಲಿ. ತಂದವರ ಕೂದಲು ಇನ್ನೂ ಒದ್ದೆಯಾಗಿತ್ತು, ತುಟಿ ನೀಲಿಗಟ್ಟಿತ್ತು. ಕಾಲು ಹೇಗಿದೆ ಎಂದು ನನ್ನನ್ನು ವಿಚಾರಿಸುತ್ತಿದ್ದವರ ಕಣ್ಣು ಕಾವಲಿಯ ಕಡೆಗಿತ್ತು. ಅವರ ಹಿಂದೆ ಕೋಟಿನಾಕೆ, ಫ್ಲಾಸ್ಕಿನವರು, ಆಮೇಲೆ ನಾನು ಕಂಡೇ ಇರದವರು. ಎಲ್ಲರೂ ಮೊದಲು ನನ್ನ ಆರೋಗ್ಯ ಕೇಳಿ, ಆಮೇಲೆ ಸ್ವಲ್ಪ ನಾಚುತ್ತ, "ಬಂದದ್ದು ಬಂದೆವು..." ಎನ್ನುತ್ತ ಸಾಲಿನಲ್ಲಿ ನಿಂತರು. ಸಾಲು ಬ್ರೆಡ್ಡಿನವರ ಸಾಲಿಗೆ ಸಿಕ್ಕಿಕೊಂಡು, ಯಾರು ಯಾವುದಕ್ಕೆ ನಿಂತಿದ್ದಾರೆಂದು ಗೊಂದಲವಾಗಿ, ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಸಾರಿ ಹೇಳಿದರು. ಸಾಲು ತಪ್ಪಿದ್ದಕ್ಕೆ ಜನ ಹೀಗೆ ಕ್ಷಮೆ ಕೇಳುವುದನ್ನು ನಾನು ಮೆಜೆಸ್ಟಿಕ್ಕಿನಲ್ಲಿ ಕಂಡಿಲ್ಲ.

ನನಗೆ ತಟ್ಟೆ ಕೊಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ನಡುವೆ ಒಬ್ಬ ವಯಸ್ಸಾದ ಹೆಂಗಸು ಕಾವಲಿಯ ಎದುರು ನಿಂತು ಲವೀನಾಳನ್ನೇ ನೋಡಿದರು. "ನೀವು ನನ್ನ ಗಂಡನನ್ನು ನೋಡಿಕೊಂಡಿರಿ" ಎಂದರು. ಲವೀನಾಳ ಕೈ ನಿಂತಿತು. ಮುಖ ಆಸ್ಪತ್ರೆಯ ಮುಖವಾಗುತ್ತಿರುವುದು ನನಗೆ ಕಾಣಿಸಿತು. ಅಷ್ಟರಲ್ಲಿ ಆ ಹೆಂಗಸು, "ಅವನಿಗೆ ಖಾರ ಆಗುತ್ತಿರಲಿಲ್ಲ. ನನಗೆ ಆಗುತ್ತದೆ. ಜಾಸ್ತಿ ಹಾಕಿ" ಎಂದು ತಟ್ಟೆ ಮುಂದೆ ಮಾಡಿದರು. ಲವೀನಾ ಜೋರಾಗಿ ನಕ್ಕಳು. ಹಾಸ್ಟೆಲು ಬಿಟ್ಟ ಮೇಲೆ ಅವಳ ಆ ನಗು ನಾನು ಕೇಳಿರಲಿಲ್ಲ.

ಮಧ್ಯಾಹ್ನಕ್ಕೆ ಮೊದಲೇ ಹಿಟ್ಟು ಮುಗಿಯಿತು. ಪಾತ್ರೆಯ ತಳ ಕಂಡಾಗ ಸಂತೆಯಾಕೆ ಬಂದು, "ಜಾಗ ನಿಮ್ಮದೇ, ನಿಮಗೆ ಬೇಕಾದರೆ" ಎಂದು ಹೇಳಿ ಹೋದಳು. ಲವೀನಾ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು.

"ಆಗ್ತದಾ ಸುಮಿ ನನ್ನಿಂದ? ಪ್ರತಿ ವಾರ? ನೀನು ನಾಳೆ ಹೋಗ್ತಿ."

ನಾನು ಏನಾದರೂ ಹುರುಪಿನ ಮಾತು ಹೇಳಬೇಕೆಂದು ಹುಡುಕುತ್ತಿದ್ದೆ. ಪಕ್ಕದ ಬೆಂಚಿನ ಮೇಲೆ ತಟ್ಟೆ ಹಿಡಿದು ಕೂತಿದ್ದ ಡೋನಲ್ ಅವರ ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವರು ಬೆರಳು ಒರೆಸಿಕೊಂಡು ಓದಿ, ಎದ್ದು ನಮ್ಮ ಹತ್ತಿರ ಬಂದರು.

"ಬಳಗದಲ್ಲಿ ಒಂದು ಪ್ರಶ್ನೆ ಬಂದಿದೆ" ಎಂದರು, ಗಂಭೀರವಾಗಿ. "ಮುಂದಿನ ಭಾನುವಾರವೂ ಅವರು ಇರುತ್ತಾರೆಯೇ ಎಂದು. ಏನು ಬರೆಯಲಿ?"

ನಾನು ಬಾಯಿ ತೆರೆದೆ. ಒಳ್ಳೆಯ ಸಾಲೇ ಹೊಳೆದಿತ್ತು. ಲವೀನಾ ನನ್ನ ಕೈ ಮೇಲೆ ಅಕ್ಕಿಹಿಟ್ಟು ಮೆತ್ತಿದ ತನ್ನ ಕೈ ಇಟ್ಟು, ಅವರನ್ನು ನೋಡಿ ಹೇಳಿದಳು:

"ಹೌದು ಅಂತ ಬರೆಯಿರಿ."